ಸ್ಟಾಫ್‌ರೂಮಿನ ಅಣುಗಳು

ಭೌತಶಾಸ್ತ್ರದ ತಿಹೊಮಿರ್ ಮನುಷ್ಯರನ್ನು ಮನುಷ್ಯರೆಂದು ಕರೆದದ್ದೇ ಇಲ್ಲ. ಅವನ ಲೆಕ್ಕದಲ್ಲಿ ನಾವೆಲ್ಲ ಅಣುಗಳು. ಕ್ಯಾಂಟೀನಿಗೆ ಮಾಂಸ ತುಂಬಿದ ಬಿಸಿ ಬುರೆಕ್ ಬಂದಾಗ ನೂಕುನುಗ್ಗಲು ಯಾಕೆ? ಅಣುಗಳು. ಅವನ ಹೆಂಡತಿ ತವರಿಗೆ ಹೋದದ್ದು ಯಾಕೆ? ಕಾದ ಅನಿಲ ಹಿಗ್ಗುತ್ತದೆ, ಅಷ್ಟೆ. ಭೂಗೋಳ ಕಲಿಸುವ ನನ್ನನ್ನು ಜಡ ಅನಿಲ ಎನ್ನುತ್ತಿದ್ದ. ನಾನು ಯಾರ ಜೊತೆಗೂ ಸೇರುವವನಲ್ಲ, ಯಾರಿಗೂ ಎದುರಾಡುವವನಲ್ಲ. ಸಿಟ್ಟು ಬರುತ್ತಿತ್ತು. ಬಂದದ್ದನ್ನು ಕಾಫಿಯ ಜೊತೆ ನುಂಗುತ್ತಿದ್ದೆ.

ಜೂನ್ ಕೊನೆಯಲ್ಲಿ ಸಭೆ ಕರೆದದ್ದು ದುನ್ಯಾಳನ್ನು ಕೆಲಸದಿಂದ ತೆಗೆಯಲು. ಗಣಿತದ ಮೇಡಂ, ಬಂದು ಒಂದೇ ವರ್ಷ. ಮೇಯರ್ ಮಗನಿಗೆ ಐದಕ್ಕೆ ಒಂದು ಅಂಕ ಕೊಟ್ಟಿದ್ದಳು. ಎರಡು ಕೊಟ್ಟಿದ್ದರೆ ಪಾಸು. ಹೆಡ್‌ಮಾಸ್ಟರು ಕೊಡು ಅಂದರೆ, ಅವನು ಮೊದಲು ಭಾಗಾಕಾರ ಕಲಿತು ಬರಲಿ ಅಂದಳು. ಅಂದು ಮಧ್ಯಾಹ್ನ ಹನ್ನೆರಡರೊಳಗೆ, ಸ್ಟಾಫ್‌ರೂಮಿನಲ್ಲಿ ಕೂತ ಸಭೆಯಲ್ಲೇ, ಅವಳ ವಿರುದ್ಧ ನಿರ್ಣಯವಾಗದಿದ್ದರೆ ಕೆಲಸ ತಾನಾಗಿಯೇ ಕಾಯಂ. ಹನ್ನೊಂದೂವರೆಗೆ ನಾವು ಮೂವತ್ತು ಜನ ಕಿಟಕಿ ಮುಚ್ಚಿದ ಸ್ಟಾಫ್‌ರೂಮಿನಲ್ಲಿ ಬೇಯುತ್ತ ಕೂತಿದ್ದೆವು.

“ಕೈ ಎತ್ತೋಕೆ ಯಾರೂ ನಾಚ್ಕೋಬೇಡಿ,” ಅಂದ ತಿಹೊಮಿರ್. “ಒತ್ತಡ ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ಅಣು ಹೋಗ್ಲೇಬೇಕು. ಇದ್ರಲ್ಲಿ ಆತ್ಮಸಾಕ್ಷಿ ಗೀತ್ಮಸಾಕ್ಷಿ ಏನಿಲ್ಲ. ದುನ್ಯಾ, ನಿನ್ನ ಮೇಲೆ ನಮಗೇನೂ ಕೋಪ ಇಲ್ಲಮ್ಮ. ಬರೀ ಭೌತಶಾಸ್ತ್ರ.”

“ಹಂಗಾದ್ರೆ ಅಣುಗಳೆಲ್ಲ ನನ್ನ ಮುಖ ನೋಡ್ಕೊಂಡು ಕೈ ಎತ್ತಲಿ, ಸಾರ್.”

ಯಾರೂ ನೋಡಲಿಲ್ಲ. ನಾನು ಗೋಡೆಯ ಭೂಪಟದಲ್ಲಿ ಡ್ಯಾನ್ಯೂಬ್ ನದಿ ಹುಡುಕತೊಡಗಿದೆ. ಇಪ್ಪತ್ತೆರಡು ವರ್ಷದಿಂದ ಅದು ಅಲ್ಲೇ ಇದೆ.

ಆಗ ನೆಲ ಒರೆಸುವ, ಕಾಫಿ ಕಾಯಿಸುವ ಸ್ತಾಮೆಂಕಾ ಒಳಗೆ ಬಂದಳು. “ಅಬ್ಬಬ್ಬಾ, ಏನ್ ನಾತ ಇಲ್ಲಿ!” ಅಂದವಳೇ ಬೀದಿ ಕಡೆಯ ಎರಡೂ ಕಿಟಕಿ ತೆಗೆದಳು. ಬಾಗಿಲು ಮುಚ್ಚಿಕೊಳ್ಳದಂತೆ ಬಕೆಟ್ ಅಡ್ಡ ಇಟ್ಟಳು.

“ಪ್ರೊಮಾಯಾ!” ಎಂದು ಮೊದಲು ಚೀರಿದ್ದು ತಿಹೊಮಿರ್.

ಕಿಟಕಿಯಿಂದ ನುಗ್ಗಿ ಬಾಗಿಲಿನಿಂದ ಹೊರಬೀಳುವ, ತಾಗಿದರೆ ಕುತ್ತಿಗೆ ಹಿಡಿಯುತ್ತದೆನ್ನುವ ಈ ಗಾಳಿಗೆ ನಮ್ಮವರು ಹೆದರುವಷ್ಟು ಬಾಂಬಿಗೂ ಹೆದರಿದವರಲ್ಲ. ನನ್ನಜ್ಜಿ ಸತ್ತದ್ದು ಪ್ರೊಮಾಯಾದಿಂದ ಎಂದೇ ಮನೆಯವರ ತೀರ್ಮಾನ. ಆಕೆಗೆ ತೊಂಬತ್ತೊಂದಾಗಿತ್ತು ಅನ್ನುವುದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. ಯಾರಾದರೂ ಎದ್ದು ಕಿಟಕಿ ಮುಚ್ಚಬಹುದಿತ್ತು. ಆದರೆ ಅದಕ್ಕೆ ಗಾಳಿಗೆ ಎದುರಾಗಿ ನಡೆಯಬೇಕಲ್ಲ! ಎಲ್ಲರೂ ಎರಡೂ ಕೈಯಲ್ಲಿ ಕುತ್ತಿಗೆ ಮುಚ್ಚಿಕೊಂಡು ಕಾರಿಡಾರಿಗೆ ಓಡಿದರು. ನಾನೂ ಓಡಿದೆ. ಒಳಗೆ ದುನ್ಯಾ ಒಬ್ಬಳೇ ಕೂತಿದ್ದಳು, ಕೂದಲು ಹಾರುತ್ತಿತ್ತು.

“ಸ್ತಾಮೆಂಕಾ, ಕಿಟಕಿ ಮುಚ್ಚೇ!” ಹೆಡ್‌ಮಾಸ್ಟರು ಹೊರಗಿನಿಂದ ಕೂಗಿದರು.

“ಈಗಷ್ಟೇ ನೆಲ ಒರೆಸ್ತಿದೀನಿ ಸಾರ್, ಒಣಗ್ಲಿ ತಾಳಿ!”

ಅವಳು ಒರೆಸುತ್ತಲೇ ಇದ್ದಳು. ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು.

ತಿಹೊಮಿರ್ ಕುತ್ತಿಗೆಗೆ ಕರ್ಚೀಫು ಸುತ್ತಿಕೊಂಡು, ಸೋತರೂ ಮೀಸೆ ಮಣ್ಣಾಗಿಲ್ಲ ಎಂಬಂತೆ ಅಂದ: “ನೋಡಿದ್ರಾ, ಅಣುಗಳು ಹೆಂಗೆ ಓಡಿದ್ವು! ನನ್ನ ನಿಯಮಾನೇ ನಿಜ ಆಯ್ತು.”

ಸ್ತಾಮೆಂಕಾ ಬಕೆಟ್ ಎತ್ತಿಕೊಂಡಳು. “ಆಯ್ತು ಪ್ರೊಫೆಸರೇ. ಮತ್ತೆ ಆ ಹುಡುಗಿ ಯಾಕೆ ಓಡ್ಲಿಲ್ಲ?”

“ಅವಳಿಗೆ ನಾಳೆ ಕುತ್ತಿಗೆ ಹಿಡಿಯುತ್ತೆ, ನೋಡ್ತಿರು.”

ಮರುದಿನ ದುನ್ಯಾ ನೆಟ್ಟಗೆ ನಡೆದು ಬಂದಳು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದಳು. ಕುತ್ತಿಗೆ ಹಿಡಿದದ್ದು ನಮಗೆ. ಇಪ್ಪತ್ತೊಂಬತ್ತು ಜನರಲ್ಲಿ ಒಬ್ಬರಿಗೂ ಅವಳ ಕಡೆ ತಿರುಗಿ ನೋಡಲು ಆಗಲಿಲ್ಲ. ನಾನು ಜೂನ್ ಬಿಸಿಲಿನಲ್ಲಿ ಮಫ್ಲರ್ ಸುತ್ತಿಕೊಂಡು, ನಾಚಿಕೆಯಿಂದ ಸಾಯುತ್ತ, ಮತ್ತೆ ಡ್ಯಾನ್ಯೂಬ್ ಹುಡುಕುತ್ತಿದ್ದೆ.