ಲಾಲ್‌ಸಾಬ್ ನಿಧಾನ ಓಡಿದ ದಿನ

“ಕೈ ತೆಗೀರಿ! ನಮ್ಮಣ್ಣನ ಜನಾಜಾ ಮುಟ್ಟಬ್ಯಾಡ್ರಿ!”

ಖಾಜಾಸಾಬ್ ಕೂಗಿದ್ದು ಹೊನ್ನಾಳಿಯ ಅರ್ಧ ಪೇಟೆಗೆ ಕೇಳಿಸಿತು. ಅಂಗಳದಲ್ಲಿ ಅವನ ಅಣ್ಣ ಲಾಲ್‌ಸಾಬನಿಗೆ ಬಿಳಿ ಕಫನ್ ಸುತ್ತಿ, ಮಂಚದ ಮೇಲೆ ಮಲಗಿಸಿ, ಹಸಿರು ಚಾದರ ಹೊದಿಸಿದ್ದರು. ಹತ್ತು ದಿನದ ವಿಷಮಜ್ವರ ಅವನನ್ನು ಕಡ್ಡಿ ಮಾಡಿತ್ತು. ಮಂಚದ ಕಟ್ಟಿಗೆ ಹಿಡಿದು ಬಗ್ಗಿದ್ದ ಅಣ್ಣನ ಗೆಳೆಯ ಹಾಲೇಶಪ್ಪ ಹಾಗೇ ನಿಂತುಬಿಟ್ಟ.

“ಈಗ ಏನಂದ್ರಿ? ಇಷ್ಟು ಜನರ ಮುಂದೆ ಇನ್ನೊಂದ್ಸಲ ಹೇಳ್ರಿ.”

“ಸುಳ್ಳು ಹೇಳಿದ್ದೆ ಅಂದೆ.” ಹಾಲೇಶಪ್ಪ ತಲೆ ಎತ್ತಲಿಲ್ಲ. “ಆವತ್ತು ಮ್ಯಾರಥಾನ್ ಓಟದಾಗೆ ಲಾಲ್ಯಾ ಸೋತಿದ್ದು ವಯಸ್ಸಾಗಿತ್ತು ಅಂತಲ್ಲ. ನನ್ನ ಸುಳ್ಳಿನಿಂದ. ಅವನು ಮಣ್ಣಿಗೆ ಹೋಗೋದ್ರೊಳಗೆ ಹೇಳಿಬಿಡಬೇಕು ಅಂತ ಬಂದೆ.”

“ಏಳು ವರ್ಷ ಬಾಯಾಗೆ ಏನಿಟ್ಕೊಂಡಿದ್ದೆ? ಕಡುಬಾ? ಊರೆಲ್ಲ ಮುದಿ ಎತ್ತು ಅಂತ ನಕ್ತಲ್ಲ, ಆಗ ನಿನ್ನ ನಾಲಿಗೆ ಎಲ್ಲಿ ಹೋಗಿತ್ತೋ?”

ಹತ್ತು ವರ್ಷ ಹಿರಿಯನಾದ ಹಾಲೇಶಪ್ಪನನ್ನು ಖಾಜಾಸಾಬ್ ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

“ಮುದಿ ಎತ್ತು ಅಂತ ಎಲ್ಲರಿಗಿಂತ ಮೊದ್ಲು ಅಂದೋನು ನೀನೇ ಕಣೋ, ಖಾಜಾ.”

ಖಾಜಾಸಾಬ್ ನುಗ್ಗಿದ. ಮಸೀದಿಯ ಹಿರಿಯ ಅಮೀರ್‌ಜಾನ್ ಅಡ್ಡ ಬಂದು ಅವನ ಎದೆಗೆ ಕೈ ಕೊಟ್ಟರು. “ಹೆಣದ ಮುಂದೆ ಗುದ್ದಾಡ್ತೀರೇನ್ರೋ? ನಮಾಜಿಗೆ ಇನ್ನೂ ಹೊತ್ತೈತೆ. ಒಬ್ಬೊಬ್ರು ಒಂದೊಂದು ಮೂಲೆ ಹಿಡೀರಿ!”

ಖಾಜಾಸಾಬ್ ಹೋಗಿ ಲಾಳದ ಚಪ್ಪರದಡಿ ಕುಕ್ಕರಿಸಿದ. ಹಾಲೇಶಪ್ಪ ಹೇಳಿದ್ದರಲ್ಲಿ ಕೊನೆಯ ಮಾತು ನಿಜವಾಗಿತ್ತು.

*

ಎತ್ತುಗಳಿಗೆ ಲಾಳ ಕಟ್ಟುವುದು ಅಣ್ಣತಮ್ಮಂದಿರ ಕಸುಬು. ಅಣ್ಣ ಲಾಳ ಕಟ್ಟುತ್ತಲೇ ಓಡಿ ಹೆಸರು ಮಾಡಿದವನು. ಮೈಸೂರಿಗೆ ಹೋಗಿ ಎರಡು ಸಲ ಮೈಲಿ ಓಟ ಗೆದ್ದು ಪೇಟ ಕಟ್ಟಿಸಿಕೊಂಡು ಬಂದಿದ್ದ. ಆ ಪೇಟ ಸುತ್ತಿಕೊಂಡೇ ಲಾಳ ಹೊಡೆಯಲು ಎತ್ತು ಕೆಡವುತ್ತಿದ್ದ. “ತೆಗೀರಿ ಸಾಬ್ರೆ, ಎತ್ತು ಹೆದರ್ತೈತೆ” ಎಂದು ಗಾಡಿಯವರು ನಗುತ್ತಿದ್ದರು.

ಅವನಿಗೆ ಇನ್ನೊಂದು ವಿದ್ಯೆಯಿತ್ತು. ಬೀದಿಯ ಧೂಳು ನೋಡಿ ಹೇಳುತ್ತಿದ್ದ. “ಇಲ್ಲಿ ಬಾ ಖಾಜಾ. ಇದು ತ್ಯಾವಣಿಗೆ ರೇವಣ್ಣನ ಬಲದೆತ್ತು. ಹಿಂದಿನ ಕಾಲು ಎಳೀತೈತೆ. ನಾಳೆ ಹೊಡ್ಕೊಂಡು ಬರ್ತಾನೆ ನೋಡು.” ಮರುದಿನ ರೇವಣ್ಣ ಬರುತ್ತಿದ್ದ. “ಹೆಜ್ಜೆಗೆ ಸುಳ್ಳು ಹೇಳಾಕೆ ಬರಲ್ಲ ಕಣೋ” ಎನ್ನುತ್ತ ಅಣ್ಣ ಖಾಜಾಸಾಬನ ತಲೆ ಹಿಡಿದು ನೆಲಕ್ಕೆ ಬಗ್ಗಿಸಿ ಕಲಿಸಿದ್ದ.

ಮೂವತ್ತೆಂಟನೆಯ ಇಸವಿಯಲ್ಲಿ ಮ್ಯಾರಥಾನ್ ಎಂಬ ಹೊಸ ಓಟದ ಸುದ್ದಿ ಬಂತು. ಹೊನ್ನಾಳಿಯ ಹೊಳೆ ದಂಡೆಯಿಂದ ಹೊರಟು, ನ್ಯಾಮತಿ ದಾಟಿ ಮೂರು ಮೈಲಿ ಆಚೆಗಿನ ಆಲದ ಮರ ಸುತ್ತಿ ವಾಪಸು ಬರಬೇಕು. ಇಪ್ಪತ್ತಾರು ಮೈಲಿ. ಅಣ್ಣನಿಗೆ ಆಗ ನಲವತ್ತೆರಡು. ಮೈಲಿ ಓಟದಲ್ಲಿ ಮೀಸೆ ಚಿಗುರದ ಹುಡುಗರು ಅವನನ್ನು ಹಿಂದೆ ಹಾಕತೊಡಗಿದ್ದರು. ಗೆಳೆಯ ಹಾಲೇಶಪ್ಪ ಹೇಳದೆ ಕೇಳದೆ ಹೋಗಿ ಅಣ್ಣನ ಹೆಸರು ಬರೆಸಿದ.

ಹೋಟೆಲಿನಲ್ಲಿ ನಾಲ್ಕು ಜನರೆದುರು ಖಾಜಾಸಾಬ್ ರೇಗಿದ್ದ. “ಓಟದ ಎತ್ತಿಗೆ ತೆಳು ಲಾಳ, ದೂರದ ಗಾಡಿ ಎತ್ತಿಗೆ ದಪ್ಪ ಲಾಳ. ತೆಳು ಲಾಳದ ಮುದಿ ಎತ್ತನ್ನ ಇಪ್ಪತ್ತಾರು ಮೈಲಿ ಹೊಡೀತೀರಲ್ಲ, ಬುದ್ಧಿ ಐತೇನ್ರಿ?”

ಅಣ್ಣ ಸಿಟ್ಟಾಗಲಿಲ್ಲ. “ಹಳೇ ಲಾಳ ಕಿತ್ತು ಬೇರೆ ಹೊಡೆದ್ರಾತು” ಎಂದು ಚಾ ಕುಡಿದಿದ್ದ.

ನಾಲ್ಕು ತಿಂಗಳು ಬೆಳಗಿನ ಹೊತ್ತು ಊರಿಗೆ ಅದೊಂದು ತಮಾಷೆ. ಅಣ್ಣ ಬರಿಗಾಲಲ್ಲಿ ಮುಂದೆ. ಹಿಂದೆ ಕಿರುಗುಡುವ ಸೈಕಲ್ ಮೇಲೆ ಹಾಲೇಶಪ್ಪ, ಪಂಚೆ ಮೇಲೆ ಕಟ್ಟಿ, ಹೆಗಲಿಗೆ ಬೆಲ್ಲದ ಚೀಲ ಹಾಕಿಕೊಂಡು. “ನಿಧಾನ ಲಾಲ್ಯಾ, ನಿಧಾನ! ಇದು ಮೈಲಿ ಓಟ ಅಲ್ಲ!” ಬಾವಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಿದ್ದರು. ತಮ್ಮ ಮಕ್ಕಳು ಊಟಕ್ಕೆ ಆತುರಪಟ್ಟರೆ “ನಿಧಾನ ಲಾಲ್ಯಾ” ಎಂದು ಗದರುತ್ತಿದ್ದರು.

ಓಟದ ದಿನ ಖಾಜಾಸಾಬ್ ಹೊಳೆ ದಂಡೆಯಲ್ಲಿ ಓಟ ಮುಗಿಯುವ ಹಗ್ಗದ ಹತ್ತಿರ ಕಾದ. ಮೊದಲು ಬಂದವನು ಜಗಳೂರಿನ ಬೆನಕಪ್ಪ. ಇಪ್ಪತ್ತೆರಡು ವರ್ಷದ ಹುಡುಗ, ಕುರಿ ಕಾಯುವವ. ಎಡಗಾಲು ಸೆಟೆದು ಸೌದೆಯಾಗಿತ್ತು. ಎಳೆದುಕೊಂಡು ಬಂದು ಹಗ್ಗದ ಮೇಲೆ ಬಿದ್ದ. ಅವನಿಗೆ ಹಾರ ಹಾಕುವಷ್ಟರಲ್ಲಿ ಅಣ್ಣ ಕಾಣಿಸಿದ. ಎದೆ ನೆಟ್ಟಗಿತ್ತು. ಉಸಿರು ಸಹ ಏರಿರಲಿಲ್ಲ. ಸಂತೆ ಮುಗಿಸಿ ಬರುವವನ ಹಾಗೆ ಬಂದು, ಬೆನಕಪ್ಪನ ಪಕ್ಕ ಕುಳಿತು ಅವನ ಕಾಲು ತಿಕ್ಕತೊಡಗಿದ.

ಬಿದ್ದು ಸೋತಿದ್ದರೆ ಊರು ಮರುಗುತ್ತಿತ್ತು. ಇಷ್ಟು ಉಸಿರಿಟ್ಟುಕೊಂಡು ಸೋತವನನ್ನು ಅದು ಬಿಡಲಿಲ್ಲ. ಹೋಟೆಲಿನ ಮಾತು ಬೀದಿಗೆ ಬಂತು. ಮುದಿ ಎತ್ತು. ಖಾಜಾಸಾಬ್ ಆವತ್ತು ಅಣ್ಣನನ್ನು ಕರೆಯದೆ ಒಬ್ಬನೇ ಮನೆಗೆ ನಡೆದಿದ್ದ. ಅಣ್ಣ ಮತ್ತೆ ಓಡಲಿಲ್ಲ.

*

ಹಾಲೇಶಪ್ಪ ಹಿತ್ತಿಲ ಬಾಗಿಲ ಕಡೆ ಹೋಗುವುದನ್ನು ಕಂಡು ಖಾಜಾಸಾಬ್ ಎದ್ದ. ಅತ್ತು ಸುಸ್ತಾದ ಭಾಬಿಗೆ ಇವನು ಇನ್ನೇನು ಹಚ್ಚುತ್ತಾನೋ ಎಂದು ಹಿಂದೆಯೇ ಹೋದ. ಪರದೆಯ ಆಚೆ ಲಾಲ್‌ಸಾಬನ ಹೆಂಡತಿ ರಹಮತ್‌ಬೀ ಕುಳಿತಿದ್ದಳು. ಈಚೆ ಮೆಟ್ಟಿಲ ಮೇಲೆ ಹಾಲೇಶಪ್ಪ.

“ನ್ಯಾಮತಿಯಿಂದ ಈ ಕಡೆ ಬರುವಾಗ ಅವನ ಮುಖ ನೋಡಿದೆ ತಂಗಿ. ತುಟಿ ನೀಲಿ ಆಗಿತ್ತು. ಬೆನಕಪ್ಪ ತಿರುವಿನಾಚೆ ಇದ್ದ, ಕಾಣ್ತಿರಲಿಲ್ಲ. ‘ಬೆನಕ ಹಳ್ಳದ ಹತ್ರ ಬಿದ್ದ, ಗಾಡಿಗೆ ಹಾಕ್ಕೊಂಡು ಹೋದ್ರು. ಮುಂದೆ ಯಾರೂ ಇಲ್ಲ, ನಿಧಾನ ಬಾ’ ಅಂದುಬಿಟ್ಟೆ. ಎದೆ ಒಡೆದು ಸಾಯ್ತಾನೆ ಅಂತ ಹೆದ್ರಿದೆ. ಅವನು ನಿಧಾನ ಮಾಡಿದ. ನನ್ನ ಮಾತು ನಂಬಿದ.”

ಪರದೆಯ ಆಚೆಯಿಂದ ರಹಮತ್‌ಬೀ ಅಂದಳು. “ನಂಬಿರಲಿಲ್ಲ ಹಾಲೇಶಣ್ಣ.”

“ಆಂ?”

“ಅವ್ರು ಧೂಳು ನೋಡ್ಕೊಂಡೇ ಓಡೋರು. ಬೆನಕಪ್ಪನ ಹೆಜ್ಜೆ ಹಳ್ಳ ದಾಟಿ ಮುಂದೆ ಹೋಗಿತ್ತಂತೆ. ಎಡಗಾಲು ಎಳೀತಿದ್ದ, ಎರಡು ಮೈಲಿಯಾಗೆ ಹಿಡೀಬಹುದಿತ್ತು ಅಂತಿದ್ರು.”

ಖಾಜಾಸಾಬ್ ತಡೆಯಲಾರದೆ ಕೇಳಿದ. “ಮತ್ತೆ ಯಾಕೆ ಹಿಡೀಲಿಲ್ಲ ಭಾಬಿ?”

“ಹಾಲೇಶಣ್ಣ ಸೈಕಲ್ ತುಳೀತಾ ಅಳ್ತಿದ್ರಂತೆ. ‘ನಾನು ಜೋರು ಓಡಿದ್ರೆ ಅವನು ಸಾಯ್ತಿದ್ದ ಕಣೇ’ ಅಂತ ನಗೋರು. ಯಾರಿಗೂ ಹೇಳಬ್ಯಾಡ ಅಂದಿದ್ರು. ಗೊತ್ತಾದ್ರೆ ಹಾಲೇಶಿ ನಾಚ್ಕೊಂಡು ನಮ್ಮನೆಗೆ ಬರೋದೇ ಬಿಟ್ಟುಬಿಡ್ತಾನೆ ಅಂತ.”

ಹಾಲೇಶಪ್ಪ ಹೆಗಲ ವಸ್ತ್ರ ಬಾಯಿಗೆ ಒತ್ತಿಕೊಂಡ.

*

ನಮಾಜು ಮುಗಿಯಿತು. ಖಾಜಾಸಾಬ್ ಮಂಚದ ಮುಂದಿನ ಎಡಗಟ್ಟಿಗೆಗೆ ಹೆಗಲು ಕೊಟ್ಟು, ಜನರ ನಡುವೆ ಹುಡುಕಿ ಕರೆದ. “ಹಾಲೇಶಣ್ಣ, ಬರ್ರಿ. ಬಲಗಡೆ ನೀವು.”

“ನಲವತ್ತು ಹೆಜ್ಜೆಗೊಮ್ಮೆ ಹೆಗಲು ಬದಲಾಯಿಸ್ರಿ,” ಅಮೀರ್‌ಜಾನ್ ಹೇಳಿದರು. “ಜನಾಜಾ ತಡ ಮಾಡಬಾರದು, ಬಿರುಸಾಗಿ ನಡೀರಿ.”

ಹಾಲೇಶಪ್ಪ ಅಭ್ಯಾಸ ಬಲದಿಂದ ಮೆಲ್ಲಗೆ ಹೆಜ್ಜೆ ಇಟ್ಟ. ಖಾಜಾಸಾಬ್ ಕತ್ತು ತಿರುಗಿಸದೆ ಅಂದ. “ಇವತ್ತು ನಿಧಾನ ಬ್ಯಾಡ.”

ಹಾಲೇಶಪ್ಪನ ಹೆಜ್ಜೆ ಉದ್ದವಾಯಿತು. ಖಾಜಾಸಾಬ್ ಸರಿಗಟ್ಟಿದ. ಚಾದರದ ಅಂಚು ಗಾಳಿಗೆ ಎದ್ದಿತು. ನಲವತ್ತಕ್ಕೆ ಹೆಗಲು ಕೊಡಲು ಬಂದವರಿಗೆ ಇಬ್ಬರೂ ಜಾಗ ಬಿಡಲಿಲ್ಲ. ಹಿಂದಿನ ಕಟ್ಟಿಗೆ ಹಿಡಿದವರು ಏದುಸಿರು ಬಿಟ್ಟರು. “ಏ, ಬಿರುಸು ಅಂದ್ರೆ ಓಡೋದೇನ್ರಪ್ಪಾ?” ಅಮೀರ್‌ಜಾನ್ ಟೋಪಿ ಹಿಡಿದುಕೊಂಡು ಹಿಂದಿನಿಂದ ಕೂಗಿದರು. ಬಾವಿ ಕಟ್ಟೆಯ ಮೇಲಿದ್ದ ಮುದುಕಿ ಗಾದ್ರಮ್ಮ ಕೊಡ ಇಳಿಸಿ ಎದ್ದು ನಿಂತಳು. “ಲಾಲ್ಯಾ ಹೊರಟ ಕಣ್ರೇ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನ್ಯಾಮತಿ ರಸ್ತೆ ಬದಿಯ ಕಬರಸ್ಥಾನದಲ್ಲಿ ಲಾಲ್‌ಸಾಬನನ್ನು ಇಳಿಸಿದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು.

“ಹಾಲೇಶಪ್ಪ ಎಲ್ಲಿ? ಅವನೂ ಹಾಕಲಿ, ಕರೀರಿ,” ಅಮೀರ್‌ಜಾನ್ ಅಂದರು.

ಖಾಜಾಸಾಬ್ ಒಂದು ಹಿಡಿ ಮಣ್ಣು ಹಿಡಿದೇ ಹೊರಗೆ ಬಂದ. ಗೇಟಿನ ಪಕ್ಕ ಹಾಲೇಶಪ್ಪನ ಮೆಟ್ಟುಗಳಿದ್ದವು. ಮನುಷ್ಯ ಇರಲಿಲ್ಲ. ಬರುತ್ತಾನೆಂದು ನಿಂತ. ಜನ ಒಬ್ಬೊಬ್ಬರಾಗಿ ಊರ ಕಡೆ ಹೋದರು. ಸಂಜೆ ನಮಾಜಿನ ಕೂಗು ಕೇಳಿತು. ಯಾರೂ ಬರಲಿಲ್ಲ.

ಆಗ ಅವನು ಅಣ್ಣ ಕಲಿಸಿದ ಹಾಗೆ ನೆಲಕ್ಕೆ ಬಗ್ಗಿದ.

ಹಾಲೇಶಪ್ಪನ ಬರಿಗಾಲ ಗುರುತು ಊರಿನ ಕಡೆ ತಿರುಗಿರಲಿಲ್ಲ. ಅಣ್ಣ ಓಡಿದ್ದ ದಾರಿಯಲ್ಲೇ, ನ್ಯಾಮತಿ ಕಡೆ ಹೋಗಿತ್ತು. ಮೊದಮೊದಲು ಹೆಜ್ಜೆ ಗಿಡ್ಡ, ಹಿಮ್ಮಡಿ ಆಳ, ನಡೆದವನ ಹೆಜ್ಜೆ. ಖಾಜಾಸಾಬ್ ಬಗ್ಗಿಕೊಂಡೇ ಮುಂದೆ ಹೋದ. ಹುಣಸೆಮರ ದಾಟಿದ ಮೇಲೆ ಹಿಮ್ಮಡಿಯ ಗುರುತೇ ಇರಲಿಲ್ಲ. ಧೂಳಿನಲ್ಲಿ ಬರೀ ಬೆರಳುಗಳು, ಒಂದಕ್ಕಿಂತ ಒಂದು ದೂರ, ತಿರುವಿನವರೆಗೂ.