ಎತ್ತಿ ನಿಲ್ಲಿಸಿದ ವ್ಯಾನು

ಜಾಕಿನ ಹಿಡಿ ತಿರುಗಿಸುತ್ತಿದ್ದ ಮಂಗಳಾ ಕೈ ನಿಲ್ಲಿಸಿ, ಬಗ್ಗಿ ಅದರ ಸ್ಕ್ರೂವನ್ನೇ ನೋಡಿದಳು. ಒಂದು ಸುತ್ತು ತಿರುಗಿಸಿದರೆ ವ್ಯಾನು ಎದ್ದಿತೋ ಇಲ್ಲವೋ ಎನ್ನುವಷ್ಟೇ ಮೇಲೆ ಹೋಗುತ್ತಿತ್ತು. ಆದರೂ ಹಿಂದಿನ ಚಕ್ರ ಆಗಲೇ ನೆಲ ಬಿಟ್ಟಿತ್ತು.

"ಇಷ್ಟೇ ಇಷ್ಟು ಕಬ್ಬಿಣ ಅಷ್ಟು ಭಾರ ಹೆಂಗ್ರೀ ಎತ್ತುತ್ತೆ?"

"ಎತ್ತಲಿ ಅಂತ್ಲೇ ಮಾಡಿರೋದು ಕಣೇ. ತಿರುಗ್ಸು," ಎಂದ ಅವಳ ಗಂಡ ಭೀಮರಾಜು.

ಅವನಿಗೆ ಅವಸರವಿತ್ತು. ಸುತ್ತಲಿನ ಹಳ್ಳಿಗಳ ಮಕ್ಕಳನ್ನು ದಂಡಿನಶಿವರದ ಸ್ಕೂಲಿಗೆ ಬಿಟ್ಟು ಕರೆತರುವುದು ಅವನ ಕೆಲಸ. ಶನಿವಾರ ನಾಲೆಯ ಏರಿ ಮೇಲೆ ಬರುವಾಗ ಕಲ್ಲು ಬಡಿದು ಸೈಲೆನ್ಸರ್ ಜೋತುಬಿದ್ದಿತ್ತು. ತಂತಿಯಲ್ಲಿ ಬಿಗಿದುಕೊಂಡು ಹೇಗೋ ಮನೆ ಸೇರಿದ್ದ. ಇವತ್ತು ಭಾನುವಾರ, ತುರುವೇಕೆರೆಯಲ್ಲಿ ಅವನಿಗೆ ಗೊತ್ತಿದ್ದ ಮೆಕ್ಯಾನಿಕ್ ಬಾಗಿಲು ಹಾಕಿದ್ದ. ನಾಳೆ ಬೆಳಿಗ್ಗೆ ಮಕ್ಕಳು ಬ್ಯಾಗು ಹೊತ್ತು ರಸ್ತೆಗೆ ಬಂದು ನಿಂತಿರುತ್ತಾರೆ.

ಮಂಗಳಾಳಿಗೆ ಅವಸರವೆಂಬುದೇ ಇರಲಿಲ್ಲ. ಮದುವೆಯಾದ ಹೊಸದರಲ್ಲೇ ಮಿಕ್ಸಿ ಬಿಚ್ಚಿ ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡಿದವಳು ಅವಳು. ತೋಟದ ಬೋರ್‌ವೆಲ್ಲಿನಿಂದ ಮೋಟಾರು ಎತ್ತಲು ಜನ ಬಂದ ದಿನ, ಒಲೆಯ ಮೇಲೆ ಸಾರು ಇಟ್ಟದ್ದನ್ನೇ ಮರೆತು ಅವರ ಪಕ್ಕ ನಿಂತಿದ್ದಳು. "ಇವಳು ಬಿಚ್ಚಿ ನೋಡ್ದೆ ಬುಟ್ಟಿರೋದು ಈ ಮನೇಲಿ ನಾನೊಬ್ಳೇ ಕಣಪ್ಪ," ಎಂದು ಅತ್ತೆ ಭೈರಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ವ್ಯಾನು ಸಾಕಷ್ಟು ಎದ್ದಮೇಲೆ ಭೀಮರಾಜು ಬಚ್ಚಲುಮನೆ ಕಟ್ಟಿಸುವಾಗ ಉಳಿದಿದ್ದ ಸಿಮೆಂಟ್ ಇಟ್ಟಿಗೆಗಳನ್ನು ತಂದ. ನಡುವೆ ದೊಡ್ಡ ತೂತುಗಳಿದ್ದ ಇಟ್ಟಿಗೆಗಳು. ಒಂದರ ಮೇಲೊಂದು ಪೇರಿಸಿ ವ್ಯಾನಿನ ಅಡಿಗೆ ತಳ್ಳಿದ. ಗೋಣಿಚೀಲ ಹಾಸಿ, ಸ್ಪ್ಯಾನರ್ ಹಿಡಿದು ಮಲಗಲು ಹೊರಟ.

"ಒಂದ್ನಿಮಿಷ ತಡೀರಿ. ದೂಡಿ ನೋಡ್ಲಾ?"

"ಯಾಕೆ?"

"ಅಟ್ಟ ಹತ್ತಾಕ್ ಮುಂಚೆ ಏಣಿ ಅಲ್ಲಾಡ್ಸಿ ನೋಡಲ್ವಾ, ಹಂಗೆ."

ಅಟ್ಟದಲ್ಲಿ ಕೊಬ್ಬರಿಯಾಗಲು ಹರವಿದ ಕಾಯಿಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಏಣಿಯನ್ನು ಅಲ್ಲಾಡಿಸದೆ ಒಂದು ಮೆಟ್ಟಿಲೂ ಏರುತ್ತಿರಲಿಲ್ಲ.

"ಬ್ಯಾಡ ಸುಮ್ಕಿರು. ಬೀಳಿಸ್ಬುಟ್ಟೀಯ."

"ನಾನು ದೂಡಿದ್ರೇ ಬೀಳೋದಾದ್ರೆ ಈಗ್ಲೇ ಬೀಳ್ಲಿ. ನೀವಿನ್ನೂ ಆಚೆಗಿದ್ದೀರಲ್ಲ."

ಭೀಮರಾಜುವಿಗೆ ನಗು ಬಂತು. ಹೆಂಡತಿಯ ಆಸೆ ತೀರಲಿ ಎನ್ನುವಂತೆ ಎದ್ದು ಪಕ್ಕಕ್ಕೆ ಸರಿದ. ಮಂಗಳಾ ಸೆರಗು ಸಿಕ್ಕಿಸಿ, ವ್ಯಾನಿನ ಹಿಂಬದಿಗೆ ಎರಡೂ ಅಂಗೈ ಕೊಟ್ಟು ದೂಡಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ದೂಡಿದಳು. ಅಂಗಳದ ಮಣ್ಣಿನಲ್ಲಿ ಜಾಕಿನ ಪಾದ ಒಂದು ಕಡೆಗೆ ಹೂತು ವಾಲಿತು. ಭಾರವೆಲ್ಲ ಇಟ್ಟಿಗೆಯ ಮೇಲೆ ಬಂತು. ಇಟ್ಟಿಗೆ ಹಪ್ಪಳದ ಹಾಗೆ ಪುಡಿಯಾಗಿ ವ್ಯಾನು ಧೊಪ್ಪನೆ ಕೂತಿತು. ಮಂಗಳಾ ಒಂದೇ ಸಲಕ್ಕೆ ಹಿಂದಕ್ಕೆ ಹಾರಿ ನಿಂತಳು.

ಕೊಟ್ಟಿಗೆಯಿಂದ ಭೈರಮ್ಮ ಸಗಣಿ ಕೈಯಲ್ಲೇ ಓಡಿಬಂದಳು. "ಏನ್ಲಾ ಭೀಮ ಅದು ಸದ್ದು?"

ಭೀಮರಾಜು ಸ್ಪ್ಯಾನರ್ ಹಿಡಿದುಕೊಂಡು ನಿಂತೇ ಇದ್ದ.

"ಯಾರಿಗೂ ಏನೂ ಆಗ್ಲಿಲ್ಲ ಅತ್ತೆ," ಎಂದು ಮಂಗಳಾ ಕುಕ್ಕರುಗಾಲಲ್ಲಿ ಕೂತು ವ್ಯಾನಿನ ಅಡಿಗೆ ಇಣುಕಿದಳು. ಜೋತುಬಿದ್ದಿದ್ದ ಸೈಲೆನ್ಸರ್ ಗೋಣಿಚೀಲವನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಒಂದು ಕೋಳಿ ನುಸುಳಬಹುದಾದಷ್ಟು ಜಾಗ ಉಳಿದಿತ್ತು. ಅವಳು ಕೈ ತೂರಿಸಿದಳು. ತೋಳು ಹೋಯಿತು, ಹೆಗಲು ಹೋಗಲಿಲ್ಲ.

ಭೀಮರಾಜು ಜಗುಲಿಯ ಮೇಲೆ ಕೂತು ನೀರು ಕುಡಿದ. "ನಾಳೆ ಮಕ್ಳುನ್ನ ಆಟೋದಲ್ಲಿ ಕಳ್ಸಿ ಅಂತ ಹೇಳ್ಬುಡ್ತೀನಿ," ಎಂದ. ಭೈರಮ್ಮ ಅವನ ತಲೆ ಸವರಿ, ಸಗಣಿ ಹತ್ತಿದ್ದು ನೋಡಿ ಸೆರಗಿನಿಂದ ಒರೆಸಿದಳು.

"ಅದು ಯಾಕೆ ಬಿತ್ತು ಅಂತ ತಿಳ್ಕೊಬೇಕಲ್ವೇನ್ರೀ," ಎಂದಳು ಮಂಗಳಾ. ಒಡೆದ ಚೂರೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಳು. ತೂತಿನ ಸುತ್ತ ಉಳಿದಿದ್ದ ಗೋಡೆ ಹೆಬ್ಬೆರಳಿನಷ್ಟೂ ದಪ್ಪವಿರಲಿಲ್ಲ.

ಅವಳು ಸ್ಕೂಟಿ ಹತ್ತಿ ಪಕ್ಕದೂರಿನ ಅಣ್ಣಯ್ಯ ಎಂಬವನ ಮನೆಗೆ ಹೋದಳು. ಅಣ್ಣಯ್ಯ ಮನೆಯ ಪಕ್ಕದ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ನಡೆದದ್ದನ್ನು ಕೇಳಿ ಅವನು ಕಿಸಕ್ಕನೆ ನಗಲಿಲ್ಲ, ಬೈಯಲೂ ಇಲ್ಲ. ಮೂಲೆಯಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ಎತ್ತಿಕೊಟ್ಟ.

"ಜಾಕು ಎತ್ತಾಕೆ ಕಣವ್ವ, ಹೊತ್ಕೊಂಡು ನಿಲ್ಲಾಕಲ್ಲ. ಹೊತ್ಕೊಳೋದು ಇವು. ಮಣ್ಣಿನ ಮ್ಯಾಗ್ ಮಾತ್ರ ಮಾಡ್ಬ್ಯಾಡಿ, ಸಿಮೆಂಟ್ ರೋಡ್ಗೆ ತಕ್ಕೊಳಿ. ಮುಂದ್ಲ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ."

"ಹ್ಯಾಂಡ್‌ಬ್ರೇಕ್ ಹಾಕಿದ್ರೆ ಸಾಲ್ದಾ?"

"ನಿಮ್ ವ್ಯಾನಲ್ಲಿ ಅದು ಹಿಡಿಯೋದು ಹಿಂದ್ಲ ಚಕ್ರನ. ಅವನ್ನೇ ಗಾಳಿಗೆ ಎತ್ತಿಬುಟ್ರೆ ಅದು ನೆಲ ಹೆಂಗ್ ಹಿಡ್ದಾತು?"

ಇಷ್ಟು ಸರಳವಾದ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ಮಂಗಳಾ ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಳು.

ಮೂವರೂ ಸೇರಿ ವ್ಯಾನನ್ನು ಮನೆ ಮುಂದಿನ ಸಿಮೆಂಟ್ ರಸ್ತೆಯ ಸಮನಾದ ಜಾಗಕ್ಕೆ ನೂಕಿದರು. ಭೈರಮ್ಮನೇ ಕಲ್ಲು ಹುಡುಕಿ ತಂದು ಮುಂದಿನ ಚಕ್ರಗಳಿಗೆ ಒತ್ತು ಕೊಟ್ಟಳು. ಒಂದು ಕಡೆ ಎತ್ತಿ, ಅಡಿಯ ಗಟ್ಟಿ ಕಬ್ಬಿಣಕ್ಕೆ ಸ್ಟ್ಯಾಂಡ್ ಕೊಟ್ಟು, ಜಾಕನ್ನು ಮೆಲ್ಲಗೆ ಇಳಿಸಿದರು. ಇನ್ನೊಂದು ಕಡೆಗೂ ಹಾಗೆಯೇ. ಈ ಸಲ ಭೀಮರಾಜುವೇ ಮೊದಲು ದೂಡಿ ನೋಡಿದ. ಮಂಗಳಾ ದೂಡಿದಳು. ಕೊನೆಗೆ ಭೈರಮ್ಮನೂ ಬಂದು ಒಂದು ಸಲ ಬೆನ್ನು ಕೊಟ್ಟು ನೋಡಿದಳು. ವ್ಯಾನು ಮನೆಯ ಕಂಬದ ಹಾಗೆ ನಿಂತಿತ್ತು.

ಭೀಮರಾಜು ಚೀಲ ಹಾಸಿದ. ಮಲಗಿ ತಲೆಯನ್ನು ಒಳಗಿಟ್ಟ. ತಕ್ಷಣ ಹೊರಗೆ ಬಂದ. ಏನನ್ನೋ ಮರೆತವನಂತೆ ಸ್ಪ್ಯಾನರುಗಳನ್ನು ಹುಡುಕಾಡಿ, ಮತ್ತೆ ಮಲಗಿ, ಮತ್ತೆ ಎದ್ದ.

"ಯಾಕೋ ಎದೆ ಒಪ್ತಿಲ್ಲ ಕಣೇ," ಎಂದ, ಅವ್ವನಿಗೆ ಕೇಳದಷ್ಟು ಮೆಲ್ಲಗೆ.

ಮಂಗಳಾ ಒಳಗೆ ಹೋಗಿ, ತೋಟದ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಅವನ ಹಳೇ ಶರ್ಟನ್ನು ಸೀರೆಯ ಮೇಲೆ ತೊಟ್ಟು ಬಂದಳು. "ಯಾವ ಬೋಲ್ಟು ಅಂತ ಹೇಳಿ," ಎಂದಳು.

"ಬ್ಯಾಡ ಮಂಗಳಾ."

"ನಿಮ್ಗೋಸ್ಕರ ಅಲ್ಲ ಕಣ್ರೀ. ಅಡೀಲಿ ಏನೈತೆ ಅಂತ ನಂಗೂ ನೋಡ್ಬೇಕು."

ಅದು ಸುಳ್ಳೂ ಆಗಿರಲಿಲ್ಲ. ಅಂಗಾತ ಮಲಗಿ ಸರಿದುಕೊಂಡು ಒಳಗೆ ಹೋದಾಗ ಅವಳಿಗೆ ಎಲ್ಲವೂ ಹೊಸತಾಗಿ ಕಂಡಿತು. ಎಷ್ಟೋ ಸಲ ತಾನು ಕೂತು ಓಡಾಡಿದ್ದ ವ್ಯಾನಿಗೆ ಇಂಥದೊಂದು ಮುಖವಿತ್ತೆಂದು ಅವಳು ಅಂದುಕೊಂಡಿರಲಿಲ್ಲ. ಕಬ್ಬಿಣಕ್ಕೆ ತೆಂಗಿನ ನಾರು ಸುತ್ತಿಕೊಂಡಿತ್ತು. ನಾಲೆ ಏರಿಯ ಕೆಂಪು ಮಣ್ಣು ಒಣಗಿ ಹೆಕ್ಕಳಿಕೆ ಎದ್ದಿತ್ತು.

"ಮಧ್ಯ ಒಂದು ಉದ್ದನೇ ದೊಣ್ಣೆ ಹೋಗೈತಲ್ಲ, ಅದೇನ್ರೀ?"

"ಇಂಜಿನ್ನಿಂದ ಹಿಂದ್ಲ ಚಕ್ರ ತಿರುಗ್ಸೋದು ಅದೇ."

"ಹಂಗಾದ್ರೆ ಇಂಜಿನ್ನು ನಮ್ಮ ಸೀಟಿನ ಅಡೀಲೈತಾ? ಅದಕ್ಕೇ ಕೂತ್ರೆ ಬಿಸಿ."

"ಹೂಂ. ಬೋಲ್ಟು ಸಿಕ್ತಾ?"

ಸಿಕ್ಕಿತ್ತು. ತುಕ್ಕು ಹಿಡಿದು ಮೊದಲು ಹಟ ಮಾಡಿ, ಆಮೇಲೆ ದಾರಿಗೆ ಬಂತು. ಅವಳು ಒಂದೊಂದೇ ಸುತ್ತು ಬಿಗಿಸುತ್ತ ಹೋದಳು. ಮೋರೆಯ ಮೇಲೆ ಮಣ್ಣು ಉದುರಿತು. ಕಣ್ಣು ಮುಚ್ಚಿ ಪಕ್ಕಕ್ಕೆ ತಿರುಗಿ, ಮತ್ತೆ ಕಣ್ಣು ಬಿಟ್ಟಾಗ ಹೊರಗಿನ ರಸ್ತೆ ಒಂದು ಗೀಟಿನಷ್ಟು ಕಂಡಿತು. ಅಲ್ಲಿ ಗಂಡನ ಎರಡು ಪಾದಗಳಿದ್ದವು. ಚಪ್ಪಲಿ ಬಿಟ್ಟು ನಿಂತಿದ್ದ. ಬೆರಳುಗಳು ಸಿಮೆಂಟನ್ನು ಕಚ್ಚಿ ಹಿಡಿದು, ಹಿಮ್ಮಡಿ ಸ್ವಲ್ಪ ಮೇಲೆದ್ದು, ಮೀನಖಂಡ ಬಿಗಿದುಕೊಂಡಿತ್ತು. ವ್ಯಾನಿನ ಭಾರವನ್ನೆಲ್ಲ ತಾನೇ ಹೊತ್ತು ನಿಂತವನ ಹಾಗಿದ್ದ.