ನಮ್ಮ ಹೊನ್ನಿ ಒದೆಯುವುದಿಲ್ಲ

ನಮ್ಮ ಎಮ್ಮೆ ಹೊನ್ನಿ ಹುಟ್ಟಿದಾಗಿನಿಂದ ಯಾರಿಗೂ ಒದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಟೀವಿಯವರು ತೋರಿಸಿದ್ದೇ ಬೇರೆ.

ಟೀವಿ ನನಗೆ ಹೊಸದೇನಲ್ಲ. ಅದಿರಿನ ಲಾರಿಗಳ ಕಾಟ ಇನ್ನೂ ಶುರುವಾಗಿರದ ಕಾಲದಲ್ಲಿ ಹೊಸಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ರೊಟ್ಟಿ ಬಡಿಯುವ ಸ್ಪರ್ಧೆ ಇಟ್ಟಿದ್ದರು. ಇದ್ದದ್ದು ಒಂದೇ ಕ್ಯಾಮೆರಾ. ಕಾರ್ಯಕ್ರಮ ನಡೆಸುವ ಹುಡುಗಿ ನನ್ನ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. "ಎಣಿಸೋದ್ರಾಗ ತಿಂದ್ರ ಹೆಂಗವ್ವಾ? ಮನ್ಯಾಗ ಉಂಡು ಬಂದಿಲ್ಲೇನು?" ಎಂದು ಬೈದೆ. ಅದನ್ನು ಹಾಗೇ ತೋರಿಸಿದರು. ನಾನು ಸೋತದ್ದನ್ನೂ ಹಾಗೇ ತೋರಿಸಿದರು. ಚಿತ್ತವಾಡ್ಗಿಯ ಸಂಗಮ್ಮನ ರೊಟ್ಟಿ ನನ್ನದಕ್ಕಿಂತ ತೆಳ್ಳಗಿತ್ತು, ಏನು ಮಾತಾಡುವುದು?

ಆ ನಂಬಿಕೆಯ ಮೇಲೆಯೇ ಏಳೆಂಟು ವರ್ಷ ಕಳೆದು, 2009ರಲ್ಲಿ, ಇನ್ನೊಂದು ಟೀವಿಯವರು ಕಮಲಾಪುರದ ನಮ್ಮ ಮನೆಗೆ ಬಂದಾಗ ಒಪ್ಪಿಕೊಂಡೆ. ಬೆಂಗಳೂರಿನ ಹುಡುಗಿಯರು ಹಳ್ಳಿಯ ಮನೆಗಳಲ್ಲಿದ್ದು ಕೆಲಸ ಮಾಡಬೇಕು, ವಾರಕ್ಕೊಬ್ಬಳು ಸೋತು ಊರಿಗೆ ಹೋಗಬೇಕು. ಅದು ಆಟ.

ಬಂದವರೇ ನಮ್ಮ ಟೀವಿ, ಮಿಕ್ಸಿ, ಫ್ಯಾನುಗಳನ್ನೆಲ್ಲ ಒಳಕೋಣೆಗೆ ಸಾಗಿಸಿ ಕಂಬಳಿ ಮುಚ್ಚಿದರು.

"ಇದು ಹಳ್ಳಿ ಅಲ್ರೀ, ಪಟ್ಟಣ ಪಂಚಾಯ್ತಿ," ಅಂದೆ.

"ಟೀವೀಲಿ ಹಳ್ಳೀನೇ, ಅಮ್ಮ," ಎಂದ ಡೈರೆಕ್ಟರ್.

ರಸ್ತೆಯಲ್ಲಿ ಅದಿರಿನ ಲಾರಿ ಹೋದಾಗಲೆಲ್ಲ 'ಕಟ್' ಎಂದು ಕೂಗುತ್ತಿದ್ದ. ದಿನಕ್ಕೆ ಎಷ್ಟು ಲಾರಿ ಹೋಗುತ್ತವೆಂದು ಅವನಿಗೇನು ಗೊತ್ತು? ಮಧ್ಯಾಹ್ನದ ಹೊತ್ತಿಗೆ ಅವನ ಗಂಟಲು ಕಟ್ಟಿತ್ತು.

ನಮ್ಮ ಮನೆಗೆ ಬಂದವಳು ಸುನಿತಾ. ಜೀನ್ಸ್ ಪ್ಯಾಂಟು, ತಲೆಗೆ ಟೋಪಿ. ಅವಳು ಹೊನ್ನಿಯ ಹಾಲು ಕರೆಯಬೇಕು, ಹೊನ್ನಿ ಒದೆಯಬೇಕು, ತಂಬಿಗೆ ಹಾರಬೇಕು, ಸುನಿತಾ ಅಳಬೇಕು. ಹೀಗೆಂದು ಡೈರೆಕ್ಟರ್ ಕಾಗದ ನೋಡಿಕೊಂಡು ಓದಿದ.

ನನಗೆ ತಲೆ ಬಿಸಿಯಾಯಿತು. ಹೊನ್ನಿಯ ಹೆಣ್ಣುಗರುವನ್ನು ಕಂಪ್ಲಿಯಲ್ಲಿರುವ ನನ್ನ ತಂಗಿ ಹೊಳೆಮ್ಮನ ಮನೆಗೆ ಕೊಡುವುದೆಂದು ಮಾತಾಗಿತ್ತು. ತಂಗಿಯ ಅತ್ತೆ ತಿಪ್ಪಕ್ಕ ಹೆಣ್ಣು ನೋಡಲು ಬಂದವರ ಹಾಗೆ ಬಂದು, ಹೊನ್ನಿಯ ಕೊಂಬು, ಕೆಚ್ಚಲು, ಬಾಲವನ್ನೆಲ್ಲ ಮುಟ್ಟಿ ನೋಡಿ ಒಪ್ಪಿದ್ದರು. ಹೋಗುವಾಗ ಒಂದೇ ಮಾತು: "ತಾಯಿ ಒದಿತಿದ್ರ ಕರ ನಮಗ ಬ್ಯಾಡ. ನಂದು ಒಂದು ಕಾಲು ಮೊದ್ಲೇ ಮುರುದೈತಿ." ಆ ಮುದುಕಿ ದಿನಾ ಸಂಜೆ ಟೀವಿ ಮುಂದಿನಿಂದ ಏಳುವವಳಲ್ಲ. ಹೊನ್ನಿ ಒದ್ದದ್ದನ್ನು ಅವರು ನೋಡಿದರೆ ಕರುವೂ ಹೋಯಿತು, ನನ್ನ ಮಾತೂ ಹೋಯಿತು, ತಂಗಿ ದಿನಾ ಕೊಂಕು ಮಾತು ಕೇಳಬೇಕು.

"ನಮ್ಮೆಮ್ಮಿ ಒದೆಯೋದಿಲ್ರೀ," ಅಂದೆ.

"ಹೊಸಬರು ಕೂತ್ರೆ ಒದೆಯುತ್ತೆ ಬಿಡಿ."

ಸುನಿತಾ ಕುಳಿತಳು. ಹೊನ್ನಿ ಒಮ್ಮೆ ತಿರುಗಿ ಮೂಸಿ ನೋಡಿ, ಹಾಲು ಬಿಡದೆ ಮೆಲುಕು ಹಾಕುತ್ತ ನಿಂತಳು. ಒದೆಯಲಿಲ್ಲ. ಅರ್ಧ ಗಂಟೆಯಾಯಿತು. ಆಗ ಡೈರೆಕ್ಟರ್ ಕಣ್ಸನ್ನೆ ಮಾಡಿದ್ದೇ ತಡ, ಮೈಕಿನ ಕೋಲು ಹಿಡಿದಿದ್ದ ಗಡ್ಡದವನು ಅದರ ತುದಿಯಿಂದ ಹೊನ್ನಿಯ ಪಕ್ಕೆಗೆ ತಿವಿದ. ಹೊನ್ನಿ ಪಾಪ, ಒಂದು ಹೆಜ್ಜೆ ಸರಿದು ನಿಂತಳು. ನಾನು ಸರಿಯಲಿಲ್ಲ. ಅವನ ಕಪಾಳಕ್ಕೆ ಬಿಟ್ಟೆ.

"ಸೂಪರ್!" ಎಂದು ಡೈರೆಕ್ಟರ್ ಕುಣಿದ. "ಅಮ್ಮಾ, ಇನ್ನೊಂದ್ಸಲ ಹೊಡೀರಿ, ಈ ಕಡೆಯಿಂದ ತಗೋತೀವಿ."

ಇನ್ನೊಂದು ಬಿಟ್ಟೆ. ಅದು ಅವರು ಕೇಳಿ ಪಡೆದದ್ದು.

ಎಲ್ಲರೂ ಚಹಾ ಕುಡಿಯಲು ಹೋದಾಗ ಸುನಿತಾಳನ್ನು ಒಳಗೆ ಕರೆದು ನನ್ನ ಹಳೆಯ ಸೀರೆ ಕೊಟ್ಟೆ. ಹೊನ್ನಿ ನನ್ನ ಸೀರೆಯ ವಾಸನೆಗಷ್ಟೇ ಹಾಲು ಬಿಡುವುದು. ನನಗೆ ಜ್ವರ ಬಂದಾಗ ನಮ್ಮ ಮನೆಯವರೇ ಆ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಕರೆದಿದ್ದರು. ಓಣಿಗೆಲ್ಲ ಗೊತ್ತಿದೆ, ಮುಚ್ಚಿಡುವುದೇನು?

ಸೀರೆಯುಟ್ಟು ಕುಳಿತ ಸುನಿತಾ ಹೆಬ್ಬೆರಳು ಮಡಚಿ ಕೆಚ್ಚಲಿಗೆ ಕೈ ಹಾಕಿದಳು. ಸರ್ ಸರ್ ಎಂದು ತಂಬಿಗೆಯಲ್ಲಿ ನೊರೆ ಎದ್ದಿತು. ಅದು ನಿನ್ನೆ ಮೊನ್ನೆ ಕಲಿತ ಕೈಯಲ್ಲ.

"ಖರೆ ಹೇಳು, ಯಾವೂರವ್ವ ನಿಂದು?"

ಅವಳು ಎದೆಯ ಮೇಲಿದ್ದ ಪುಟ್ಟ ಮೈಕನ್ನು ಮುಷ್ಟಿಯಲ್ಲಿ ಮುಚ್ಚಿ ಪಿಸುಗುಟ್ಟಿದಳು. "ಇಲ್ಲೇ ದೋಣಿಮಲೈರೀ, ಅಕ್ಕಾ. ಗಣಿ ಕ್ವಾರ್ಟರ್ಸ್ ಹಿಂದ ಅವ್ವ ಎರಡು ಎಮ್ಮಿ ಕಟ್ಟ್ಯಾಳ. ಇವ್ರು ಬೆಂಗಳೂರಾಕಿ ಅನ್ನು, ಆಕಳ ಬಣ್ಣಾನೂ ಗೊತ್ತಿಲ್ಲ ಅನ್ನು ಅಂದಾರ. ಸುಮ್ನಿರ್ರೀ ಮತ್ತ!"

ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ.

ತುಂಬಿದ ತಂಬಿಗೆ ನೋಡಿ ಡೈರೆಕ್ಟರನ ಮುಖ ಹುಳ್ಳಗಾಯಿತು. "ಹಾಲು ಬಂದ್ರೆ ಎಪಿಸೋಡ್ ಎಲ್ಲಿಂದ ಬರುತ್ತಮ್ಮಾ?"

"ಕುಡೀರಿ, ಬರ್ತೈತಿ," ಎಂದೆ. ಅವರು ಗಂಟು ಕಟ್ಟಿಕೊಂಡು ಹೋದರು.

ಹದಿನೈದು ದಿನಕ್ಕೆ, ರಾತ್ರಿ ಊಟಕ್ಕೆ ಮೊದಲು, ಅದು ಟೀವಿಯಲ್ಲಿ ಬಂತು. ಸುನಿತಾ ಟೋಪಿ ಹಾಕಿ ಕುಳಿತಳು. ಗುಡುಗಿನ ಸದ್ದು. ಎಮ್ಮೆಯೊಂದು ಒದೆಯಿತು. ತಂಬಿಗೆ ಹಾರಿತು, ಮೂರು ಸಲ, ನಿಧಾನಕ್ಕೆ. ಆಮೇಲೆ ನನ್ನ ಕೈ ಬೀಸಿ ಬಂತು, ಗಡ್ಡದವನು ಎಲ್ಲೂ ಇಲ್ಲ. ಕೂಡಲೇ ಕೆನ್ನೆ ಹಿಡಿದು ಅಳುವ ಸುನಿತಾ! ಅಂದು ನಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಬಂದಿದ್ದ ಕಣ್ಣೀರು ಅದು. ಅದಕ್ಕೇ ನೋಡಿದವರ ಓಟಿನ ಎಸ್ಸೆಮ್ಮೆಸ್ಸುಗಳು ರಾಶಿ ಬಿದ್ದು, ಹುಡುಗಿ ಆ ವಾರ ಉಳಿದಳಂತೆ.

ನಾನು ರಿಮೋಟನ್ನು ಗೋಡೆಗೆ ಎಸೆದೆ. ಅಷ್ಟರಲ್ಲಿ ಫೋನು ಬಂತು.

"ಅಕ್ಕಾ," ಹೊಳೆಮ್ಮನ ದನಿ ಸಣ್ಣಗಾಗಿತ್ತು, "ನಮ್ಮತ್ತಿ ಟೀವಿ ನೋಡಿದ್ರು. ನಿನ್ಕೂಡ ಮಾತಾಡ್ತಾರಂತ."

ಕರು ಹೋಯಿತು ಅಂದುಕೊಂಡೆ.

"ನೀಲಗಂಗವ್ವಾ," ತಿಪ್ಪಕ್ಕನ ದನಿ ಗಡುಸಾಗಿತ್ತು. "ಒದ್ದ ಎಮ್ಮಿ ಯಾರ್ದು?"

"ಯಾಕ್ರೀ?"

"ನಿಮ್ ಹೊನ್ನಿ ಎಡಗೊಂಬು ಕಿವಿ ಸುತ್ತಿ ಬಂದೈತಿ, ಬಲಗೊಂಬು ಕೆಳಗ ಇಳದೈತಿ. ಟೀವ್ಯಾಗ ಒದ್ದದ್ದಕ್ಕ ಎರಡೂ ಕೊಂಬು ನೆಟ್ಟಗ, ಬಾಲದ ತುದಿ ಬೆಳ್ಳಗ. ಎಮ್ಮಿ ಅಂದ್ರ ಎಲ್ಲಾ ಒಂದ ಕರಿ ಅಂತ ತಿಳಕೊಂಡಾರೇನು ಆ ಬಾಡ್ಯಾಗೋಳು? ನಾ ಏನ್ ಕುರುಡಿ ಆಗೀನೇನು?"

ನಾನು ಟೀವಿಯವರ ಮೇಲಿನ ಸಿಟ್ಟಿನಲ್ಲಿ ಕೊಂಬು ನೋಡಿಯೇ ಇರಲಿಲ್ಲ. ನನ್ನ ಎಮ್ಮೆಯನ್ನು ನಾನೇ ಗುರುತಿಸದೆ ಕುಳಿತಿದ್ದೆ. ಈ ಮಾತು ನಿಮಗೆ ಮಾತ್ರ ಹೇಳುತ್ತಿದ್ದೇನೆ.

"ಹೌದ್ರೀ ಮತ್ತ! ನಮ್ಮ ಹೊನ್ನಿ ಒದಿತಾಳೇನ್ರೀ?" ಎಂದು ಜೋರು ಮಾಡಿದೆ.

"ಎಮ್ಮಿ ನಿಂದಲ್ಲ, ಆತು. ಆದ್ರ ಹೊಡದ ಕೈ ನಿಂದ ಅಲ್ಲೇನು? ಆ ಹಸುರು ಬಳಿ ನಾ ನೋಡೀನಿ."

"ಕೈ ನಂದರೀ."

ಅತ್ತ ಕಡೆ ಮುದುಕಿ ಕೆಮ್ಮುತ್ತ ನಕ್ಕಳು.

"ಕರ ಸೋಮವಾರ ಕಳಸು. ಗಾಡಿ ಸಂಗಾಟ ನೀ ಬರಬ್ಯಾಡ."